ಅಟ್ಟದ ಮೇಲಿನ ಹಾರ್ಡ್ ಡಿಸ್ಕು ಮತ್ತು ಅಳಿಸಿದ ಫೈಲುಗಳ ಇತಿಹಾಸ

ತುಂಬಾ ದಿನ ಆಯ್ತು ಇಲ್ಲಿ ಬರೆದು. ಆಫೀಸು, ರಿಲೀಸು, ಟ್ರಾಫಿಕ್ಕು ಅಂತ ಹಳೇ ನೆಪಗಳನ್ನೇ ಮತ್ತೆ ಹೇಳೋದಿಲ್ಲ. ಈ ಸಲ ಬರೆಯೋಕೆ ಒಂದು ಕಾರಣ ಸಿಕ್ಕಿದೆ. ಸ್ವಲ್ಪ ಉದ್ದ ಇದೆ, ಕಾಫಿ ಪಕ್ಕದಲ್ಲಿಟ್ಟುಕೊಂಡು ಓದಿ :-)

ಹೋದ ದಸರಾ ರಜೆಗೆ ಊರಿಗೆ ಹೋಗಿದ್ದೆ. ನಮ್ಮೂರು ತಿಪಟೂರು ತಾಲ್ಲೂಕು, ತುರುವೇಕೆರೆ ಕಡೆ ಹೋಗೋ ದಾರಿಯಲ್ಲಿ. ದೊಡ್ಡಮ್ಮನ ಮನೆಯಲ್ಲಿ ಅಟ್ಟದಿಂದ ಕಾಯಿ ಇಳಿಸುತ್ತಿದ್ದರು. ನಮ್ಮ ಕಡೆಯವರಲ್ಲದವರಿಗೆ ಒಂದು ಮಾತು: ಕೊಬ್ಬರಿ ಆಗಬೇಕಾದ ಕಾಯನ್ನು ನಾವು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಮುಟ್ಟದೆ ಬಿಡುತ್ತೇವೆ. ಹೆಚ್ಚುಕಮ್ಮಿ ಒಂದು ವರ್ಷ. ಒಳಗಿನ ನೀರು ಇಂಗಿ, ಕೊಬ್ಬರಿ ಕರಟ ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಆಗ ಇಳಿಸಿ ಸುಲಿಸೋದು. ಆ ಕಾಯಿ ರಾಶಿಯ ಹಿಂದೆ, ಮೂಲೆಯಲ್ಲಿ, ಗೋಣಿಚೀಲ ಹೊದಿಸಿದ್ದ ಒಂದು ಸಿಪಿಯು ಸಿಕ್ಕಿತು. ದೊಡ್ಡಪ್ಪಂದು.

"ಅದ್ರಲ್ಲಿ ಏನಾರ ಐತಾ ನೋಡಪ್ಪ, ನೀನು ಕಂಪ್ಯೂಟರ್ ಓದಿದವ್ನು. ನಿಮ್ಮ ದೊಡ್ಡಪ್ಪ ಹಗಲೂ ರಾತ್ರಿ ಅದ್ರ ಮುಂದೇನೆ ಕೂತಿರೋರು" ಅಂದರು ದೊಡ್ಡಮ್ಮ.

ದೊಡ್ಡಪ್ಪ ಮಿಡ್ಲ್ ಸ್ಕೂಲ್ ಮೇಷ್ಟ್ರಾಗಿದ್ದವರು. 2003ರಲ್ಲಿ ರಿಟೈರ್ ಆದರು. ಮರುವರ್ಷ ಬಂದ ದುಡ್ಡಲ್ಲಿ ಒಂದು ಅಸೆಂಬಲ್ಡ್ ಕಂಪ್ಯೂಟರ್ ತಂದರು. ವಿಂಡೋಸ್ ಎಕ್ಸ್‌ಪಿ, ಅದರಲ್ಲಿ ವರ್ಡ್ 97, ಅದರ ಮೇಲೆ ನುಡಿ. ಎರಡೇ ಬೆರಳಲ್ಲಿ ಟೈಪ್ ಮಾಡಿ ನಮ್ಮೂರಿನ ಚರಿತ್ರೆ ಬರೆಯತೊಡಗಿದರು. ಕೆರೆ ಕಟ್ಟಿಸಿದ್ದು ಯಾರು, ಯಾವ ಮನೆತನ ಎಲ್ಲಿಂದ ಬಂತು, ದೇವಸ್ಥಾನದ ಮುಂದಿನ ಕಲ್ಲಲ್ಲಿ ಏನಿದೆ... ಹೀಗೆ ಐದು ವರ್ಷ. 2009ರಲ್ಲಿ ಮೆಷಿನ್ನಿಗೆ ವೈರಸ್ ಬಂತು. ರಿಪೇರಿಗೆ ಕೊಟ್ಟರು. ಎರಡು ದಿನ ಬಿಟ್ಟು ಹೋದಾಗ ಅಂಗಡಿಯ ಹುಡುಗ "ಫಾರ್ಮ್ಯಾಟ್ ಮಾಡಿದೀನಿ ಸಾರ್, ಈಗ ಹೊಸದರ ತರ ಓಡುತ್ತೆ" ಅಂದನಂತೆ.

ಆಗ ನಾನು ಆರನೇ ಕ್ಲಾಸು. ದೊಡ್ಡಪ್ಪ ಬೈಯ್ಯಲಿಲ್ಲ, ಜಗಳ ಆಡಲಿಲ್ಲ. ಮನೆಗೆ ತಂದು ಒಂದೇ ಸಲ ಆನ್ ಮಾಡಿ, ನೋಡಿ, ಆಫ್ ಮಾಡಿದರು. ಮತ್ತೆ ಅದನ್ನು ಮುಟ್ಟಲಿಲ್ಲ. ಕೈಯಲ್ಲಾದರೂ ಬರೆಯಿರಿ ಅಂದವರಿಗೆ "ಹೋದದ್ದು ಹೋಯ್ತು ಬಿಡಪ್ಪ" ಅನ್ನುತ್ತಿದ್ದರು. 2016ರಲ್ಲಿ ತೀರಿಕೊಂಡರು.

ಅದು ಹೋಗಿರಲಿಲ್ಲ. ಹೋಗಿರಲಿಲ್ಲ ಅನ್ನೋದು ಆವತ್ತು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅಷ್ಟೆ. ಯಾಕೆ ಹೋಗಿರಲಿಲ್ಲ ಅನ್ನೋದಕ್ಕೆ ಒಂದು ಇತಿಹಾಸ ಇದೆ. ಅದನ್ನೇ ಇವತ್ತು ಬರೆಯೋಕೆ ಹೊರಟಿದ್ದು.

ಪಹಣಿ ಮತ್ತು ತೋಟ

ಮೊದಲು ಡಿಲೀಟ್ ಅಂದರೆ ಏನು ಅಂತ ನೋಡೋಣ. ಡಿಸ್ಕಿನಲ್ಲಿ ಎರಡು ಭಾಗ ಇರುತ್ತೆ ಅಂದುಕೊಳ್ಳಿ. ಒಂದು ತೋಟ, ಇನ್ನೊಂದು ಪಹಣಿ. ತೋಟ ಅಂದರೆ ನಿಮ್ಮ ಫೈಲಿನ ಒಳಗಿರೋ ನಿಜವಾದ ಮಾಹಿತಿ. ಪಹಣಿ ಅಂದರೆ ಯಾವ ಫೈಲು ಯಾವ ಜಾಗದಲ್ಲಿದೆ, ಎಷ್ಟು ದೊಡ್ಡದಿದೆ ಅಂತ ಬರೆದಿಟ್ಟ ಪಟ್ಟಿ. ನೀವು ಡಿಲೀಟ್ ಒತ್ತಿದಾಗ ಕಂಪ್ಯೂಟರು ತೋಟಕ್ಕೆ ಹೋಗಿ ಒಂದೊಂದೇ ಮರ ಕಡಿಯೋದಿಲ್ಲ. ಅದಕ್ಕೆ ಅಷ್ಟು ಪುರುಸೊತ್ತಿಲ್ಲ. ಪಹಣಿಯಲ್ಲಿ ಹೆಸರಿಗೆ ಒಂದು ಗೀಟು ಎಳೆದು "ಈ ಜಾಗ ಖಾಲಿ" ಅಂತ ಬರೆದು ಸುಮ್ಮನಾಗುತ್ತೆ. ಮರಗಳು ಅಲ್ಲೇ ನಿಂತಿರುತ್ತವೆ. ಇನ್ನೊಬ್ಬ ಬಂದು ಅಲ್ಲಿ ಜೆಸಿಬಿ ಬಿಟ್ಟು ಅಡಿಕೆ ಹಾಕೋವರೆಗೂ ತೆಂಗು ತೆಂಗೇ.

ಒಂದು ದೊಡ್ಡ ಫೈಲು ಕಾಪಿ ಆಗೋಕೆ ಹತ್ತು ನಿಮಿಷ, ಡಿಲೀಟ್ ಆಗೋಕೆ ಅರೆಕ್ಷಣ. ಯಾಕೆ ಅಂತ ಯಾವತ್ತಾದರೂ ಅನ್ನಿಸಿದ್ದರೆ ಉತ್ತರ ಇದೇ.

ಮೊದಲಕ್ಷರ ತಿನ್ನೋ ಭೂತ

ಈ ಗೀಟು ಎಳೆಯೋ ಪದ್ಧತಿ ಹಳೇದು. 1974ರಲ್ಲಿ ಗ್ಯಾರಿ ಕಿಲ್ಡಾಲ್ ಅನ್ನೋ ಅಮೆರಿಕದ ವಿಜ್ಞಾನಿ ಸಿಪಿ/ಎಂ ಅನ್ನೋ ಆಪರೇಟಿಂಗ್ ಸಿಸ್ಟಮ್ ಬರೆದ. ಆಗಿನದ್ದು 8 ಇಂಚಿನ ಫ್ಲಾಪಿ, ನಮ್ಮ ಊಟದ ತಟ್ಟೆಯಷ್ಟು ಅಗಲ. ಆ ಫ್ಲಾಪಿಗಳು ಕಾರ್ಖಾನೆಯಿಂದ ಫಾರ್ಮ್ಯಾಟ್ ಆಗಿ ಬರುವಾಗ ಪ್ರತಿ ಬೈಟಿನಲ್ಲೂ 229 ಅನ್ನೋ ಸಂಖ್ಯೆ ತುಂಬಿರುತ್ತಿತ್ತು. ಹಾಗಾಗಿ ಸಿಪಿ/ಎಂನಲ್ಲಿ 229 ಕಂಡರೆ ಆ ಸಾಲು ಖಾಲಿ ಅಂತ ಅರ್ಥ. ಫೈಲು ಅಳಿಸಬೇಕಾದಾಗಲೂ ಅಷ್ಟೇ, ಪಟ್ಟಿಯಲ್ಲಿ ಆ ಫೈಲಿನ ಸಾಲಿನ ಮೊದಲ ಬೈಟಿಗೆ 229 ಬರೆದರೆ ಮುಗೀತು.

1977ರಲ್ಲಿ ಮೈಕ್ರೋಸಾಫ್ಟಿನ ಮಾರ್ಕ್ ಮೆಕ್‌ಡೊನಾಲ್ಡ್ ಫ್ಯಾಟ್ ಅನ್ನೋ ಫೈಲ್ ವ್ಯವಸ್ಥೆ ಬರೆದರು. 1980ರಲ್ಲಿ ಟಿಮ್ ಪ್ಯಾಟರ್ಸನ್ ತಮ್ಮ 86-ಡಾಸ್‌ನಲ್ಲಿ ಅದೇ ಕಲ್ಪನೆ ಬಳಸಿದರು. ಮುಂದೆ 1981ರಲ್ಲಿ ಐಬಿಎಂ ಪಿಸಿ ಜೊತೆ ಬಂದ ಡಾಸ್ ಹುಟ್ಟಿದ್ದು ಅದರಿಂದಲೇ. ಡಾಸ್‌ನಲ್ಲಿ ಪ್ರತಿ ಫೈಲಿಗೆ ಪಟ್ಟಿಯಲ್ಲಿ 32 ಬೈಟಿನ ಒಂದು ಸಾಲು. ಅದರ ಶುರುವಿನಲ್ಲೇ ಫೈಲಿನ ಹೆಸರು. ಅಳಿಸಿದಾಗ ಹೆಸರಿನ ಮೊದಲಕ್ಷರ ಹೋಗಿ ಅಲ್ಲಿ 229 ಕೂರುತ್ತಿತ್ತು. ಉಳಿದ ಅಕ್ಷರಗಳು, ತಾರೀಖು, ಫೈಲಿನ ಗಾತ್ರ, ಅದು ಶುರುವಾಗೋ ಜಾಗ ಎಲ್ಲಾ ಹಾಗೇ ಇರುತ್ತಿತ್ತು. ಮುಂದಿನ ಕೊಂಡಿಗಳ ಲೆಕ್ಕ ಮಾತ್ರ ಸೊನ್ನೆ ಆಗುತ್ತಿತ್ತು.

ಇಲ್ಲೊಂದು ತಮಾಷೆ. ಜಪಾನಿ ಲಿಪಿಯ ಕೆಲವು ಅಕ್ಷರಗಳ ಮೊದಲ ಬೈಟು 229 ಆಗಿರುತ್ತೆ. ಅಂಥ ಅಕ್ಷರದಿಂದ ಫೈಲಿನ ಹೆಸರು ಶುರುವಾದರೆ? ಇರೋ ಫೈಲೂ ಅಳಿಸಿದ ಹಾಗೆ ಕಾಣಬೇಕು! ಅದಕ್ಕೆ ಆ ಜಾಗದಲ್ಲಿ 229ರ ಬದಲು 5 ಅಂತ ಬರೆಯೋ ಏರ್ಪಾಡನ್ನು ಆಮೇಲೆ ಡಾಸ್‌ಗೆ ಸೇರಿಸಿದರು. ಇಂಗ್ಲಿಷ್ ಮಾತ್ರ ಮನಸ್ಸಲ್ಲಿಟ್ಟುಕೊಂಡು ಮಾಡಿದ ಲೆಕ್ಕದಲ್ಲಿ ಬೇರೆ ಭಾಷೆಯವರು ಎಲ್ಲೆಲ್ಲಿ ಎಡವಬೇಕಾಗುತ್ತೆ ನೋಡಿ. ಇದು ನೆನಪಿರಲಿ, ಕನ್ನಡದ ಸರದಿ ಮುಂದೆ ಬರುತ್ತೆ.

ನಾರ್ಟನ್ ಮತ್ತು ಕಸದ ಬುಟ್ಟಿ

ಈ ಗೀಟನ್ನು ಅಳಿಸಿ ಫೈಲು ವಾಪಸ್ ತರಬಹುದು ಅಂತ ಲೋಕಕ್ಕೆಲ್ಲ ತೋರಿಸಿಕೊಟ್ಟವರು ಪೀಟರ್ ನಾರ್ಟನ್. ತಮ್ಮದೇ ಒಂದು ಫೈಲನ್ನು ತಪ್ಪಿ ಅಳಿಸಿಕೊಂಡು, ಅದನ್ನು ಹಿಂದಕ್ಕೆ ತರೋಕೆ ಪ್ರೋಗ್ರಾಮ್ ಬರೆದರು ಅಂತ ಕಥೆ. 1982ರಲ್ಲಿ ಬಂದ ನಾರ್ಟನ್ ಯುಟಿಲಿಟೀಸ್‌ನ ದೊಡ್ಡ ಆಕರ್ಷಣೆ ಅನ್ಇರೇಸ್ ಅನ್ನೋ ಆ ಉಪಕರಣವೇ. 1990ರಲ್ಲಿ ಅವರ ಕಂಪನಿಯನ್ನು ಸಿಮ್ಯಾಂಟೆಕ್ ಕೊಂಡುಕೊಂಡಿತು. ನಮ್ಮಲ್ಲಿ ಬಹಳ ಜನಕ್ಕೆ ನಾರ್ಟನ್ ಅಂದರೆ ಆಂಟಿವೈರಸ್ ಡಬ್ಬಿಯ ಹೆಸರು ಮಾತ್ರ.

1991ರಲ್ಲಿ ಬಂದ ಡಾಸ್ 5ರಲ್ಲಿ ಅನ್‌ಡಿಲೀಟ್ ಅನ್ನೋ ಕಮಾಂಡನ್ನು ಮೈಕ್ರೋಸಾಫ್ಟೇ ಸೇರಿಸಿತು. ಅದೂ ಸೆಂಟ್ರಲ್ ಪಾಯಿಂಟ್ ಅನ್ನೋ ಬೇರೆ ಕಂಪನಿಯಿಂದ ಪಡೆದದ್ದು. ಅದು ಫೈಲುಗಳನ್ನು ಹುಡುಕಿ ತೋರಿಸಿ, "ಹೆಸರಿನ ಮೊದಲಕ್ಷರ ಏನು?" ಅಂತ ನಮ್ಮನ್ನೇ ಕೇಳುತ್ತಿತ್ತು. ಯಾಕೆ ಅಂತ ಈಗ ನಿಮಗೆ ಗೊತ್ತು.

ಆಮೇಲೆ ಕಸದ ಬುಟ್ಟಿ ಬಂತು. ಆಪಲ್‌ನ ಲಿಸಾದಲ್ಲಿ 1983ರಲ್ಲೇ ಇತ್ತು. ವಿಂಡೋಸ್‌ಗೆ ರೀಸೈಕಲ್ ಬಿನ್ ಬಂದದ್ದು 1995ರಲ್ಲಿ. ಇದರಲ್ಲಿ ವಾಪಸ್ ತರೋ ವಿದ್ಯೆ ಏನೂ ಇಲ್ಲ. ಫೈಲನ್ನು ಅಳಿಸೋದನ್ನೇ ಸ್ವಲ್ಪ ದಿನ ಮುಂದೂಡೋದು ಅಷ್ಟೆ. ಮನುಷ್ಯನ ಕೈ ಬೇಗ, ಬುದ್ಧಿ ನಿಧಾನ ಅಂತ ಯಾರೋ ತಿಳಿದವರು ಮಾಡಿದ ಏರ್ಪಾಡು.

ಕೆರೆಯೋ, ಸೆರೆಯೋ, ತೆರೆಯೋ

ದೊಡ್ಡಪ್ಪನ ಕಡೆಗೆ ಬರೋಣ. ಸಿಪಿಯು ಜೊತೆ ಒಂದು ಫ್ಲಾಪಿಯೂ ಸಿಕ್ಕಿತ್ತು, 1.44 ಎಂಬಿಯದ್ದು. ಬೆಂಗಳೂರಿಗೆ ತಂದು ಗೆಳೆಯನ ಹಳೇ ಡ್ರೈವಿನಲ್ಲಿ ಹಾಕಿ ನೋಡಿದೆ. ಖಾಲಿ. ಅನ್‌ಡಿಲೀಟ್ ಉಪಕರಣ ಓಡಿಸಿದೆ. ಒಂದು ಫೈಲು ಎದ್ದಿತು. ಇಂಗ್ಲಿಷ್ ಅಕ್ಷರದಲ್ಲಿ ಇಟ್ಟ ಚಿಕ್ಕ ಹೆಸರು, ಮೊದಲಕ್ಷರ ಇಲ್ಲ, ಆಮೇಲೆ "ಎರೆ". ಕೆರೆಯೋ, ಸೆರೆಯೋ, ತೆರೆಯೋ? ತುರುವೇಕೆರೆ, ನೊಣವಿನಕೆರೆ ಇರೋ ಸೀಮೆಯವನಿಗೆ ಇದೇನು ಕಷ್ಟದ ಒಗಟಲ್ಲ :-) ಅದು ಕೆರೆಯ ಅಧ್ಯಾಯವೇ. ಆದರೆ ಅರ್ಧ ಮಾತ್ರ ಬಂತು, ಉಳಿದರ್ಧದ ಜಾಗದಲ್ಲಿ ಫ್ಲಾಪಿ ಬೂಸಲು ಹಿಡಿದಿತ್ತು.

ಹೋದ ಅಕ್ಷರವನ್ನು ಸುತ್ತಲಿನ ಅಕ್ಷರ ನೋಡಿ ಊಹಿಸೋದು ನಮಗೇನು ಹೊಸದಲ್ಲ. ಓಲೆಗರಿಯಲ್ಲಿ ಹುಳ ತಿಂದ ಅಕ್ಷರ, ನಕಲು ಮಾಡಿದವನು ಬಿಟ್ಟ ಸಾಲು, ಇವನ್ನೆಲ್ಲ ಹಲವು ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ಸರಿಮಾಡೋ ಶಾಸ್ತ್ರಕ್ಕೆ ಗ್ರಂಥಸಂಪಾದನೆ ಅಂತಲೇ ಹೆಸರು. ಡಿ.ಎಲ್. ನರಸಿಂಹಾಚಾರ್ಯರು ಆ ವಿಷಯಕ್ಕೇ 'ಕನ್ನಡ ಗ್ರಂಥ ಸಂಪಾದನೆ' ಅನ್ನೋ ಪುಸ್ತಕ ಬರೆದಿದ್ದಾರೆ. ನಮ್ಮ ಪಕ್ಕದ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ ಹುಟ್ಟಿದ ತೀ.ನಂ.ಶ್ರೀ. ಅವರೂ ಹಳಗನ್ನಡ ಕಾವ್ಯ ಸಂಪಾದಿಸಿದವರೇ. ಹಾರ್ಡ್ ಡಿಸ್ಕಿನ ಮುಂದೆ ಕೂತಾಗ ನನಗೆ ಅವರೆಲ್ಲ ಒಂದು ರೀತಿಯಲ್ಲಿ ಹಿರಿಯ ಸಹೋದ್ಯೋಗಿಗಳು ಅನ್ನಿಸಿಬಿಟ್ಟರು. ಸ್ವಲ್ಪ ಜಂಬ ಅಂದುಕೊಳ್ಳಿ ಪರವಾಗಿಲ್ಲ.

ಫಾರ್ಮ್ಯಾಟ್ ಮಾಡಿದ ಮೇಲೂ...

ಇನ್ನು ಹಾರ್ಡ್ ಡಿಸ್ಕು. 40 ಜಿಬಿಯದ್ದು, ಹಳೇ ಅಗಲ ಪಟ್ಟಿ ಕೇಬಲ್ಲಿನದು. ಎಸ್.ಪಿ. ರೋಡಿನಲ್ಲಿ ಯುಎಸ್‌ಬಿಗೆ ಜೋಡಿಸೋ ಅಡಾಪ್ಟರ್ ತಂದೆ. ಡಿಸ್ಕಿನಿಂದ ನೇರ ಫೈಲು ತೆಗೆಯೋಕೆ ಹೋಗಬಾರದು. ಮೊದಲು ಇಡೀ ಡಿಸ್ಕನ್ನು ಬೈಟಿಗೆ ಬೈಟು ನಕಲು ಮಾಡಿಕೊಂಡು, ಡಿಸ್ಕನ್ನು ಎತ್ತಿಟ್ಟು, ನಕಲಿನ ಮೇಲೆ ಕೆಲಸ ಮಾಡಬೇಕು. ಶಾಸನ ಓದೋರು ಮೊದಲು ಅಚ್ಚು ತೆಗೆದುಕೊಳ್ಳೋ ಹಾಗೆ. ಡಿಡಿರೆಸ್ಕ್ಯೂ ಅನ್ನೋ ಉಚಿತ ತಂತ್ರಾಂಶ ಹಾಕಿ ರಾತ್ರಿ ಬಿಟ್ಟು ಮಲಗಿದೆ. ಡಿಸ್ಕು ಟಿಕ್ ಟಿಕ್ ಅಂತಿತ್ತು, ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಹೊತ್ತಿಗೆ ಕೆಲವೇ ಕೆಲವು ಸೆಕ್ಟರ್ ಬಿಟ್ಟು ಎಲ್ಲಾ ನಕಲಾಗಿತ್ತು.

ಫಾರ್ಮ್ಯಾಟ್ ಮಾಡಿದ ಡಿಸ್ಕಲ್ಲಿ ಏನು ಉಳಿದಿರುತ್ತೆ ಅಂತ ಕೇಳಬಹುದು. ಇಲ್ಲೇ ಒಂದು ಅದೃಷ್ಟ ಇತ್ತು. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಪೂರ್ತಿ ಫಾರ್ಮ್ಯಾಟ್ ಅಂದರೂ ಅದು ಹೊಸ ಪಟ್ಟಿ ಬರೆದು, ಉಳಿದ ಜಾಗವನ್ನೆಲ್ಲ ಬರೀ ಓದಿ, ಕೆಟ್ಟ ಸೆಕ್ಟರ್ ಇದೆಯಾ ಅಂತ ನೋಡುತ್ತಿತ್ತು. ಗಂಟೆಗಟ್ಟಲೆ ಆಗುತ್ತಿದ್ದದ್ದು ಆ ಓದಿಗೆ. ಪೂರ್ತಿ ಫಾರ್ಮ್ಯಾಟ್‌ನಲ್ಲಿ ಡಿಸ್ಕಿನ ತುಂಬಾ ಸೊನ್ನೆ ಬರೆಯೋ ಪದ್ಧತಿ ಬಂದದ್ದು 2007ರ ವಿಸ್ಟಾದಿಂದ. ಆ ಅಂಗಡಿಯ ಹುಡುಗ ಹಾಕಿದ್ದು ಎಕ್ಸ್‌ಪಿಯನ್ನೇ. ಅಂದರೆ ಅವನು ಪಹಣಿ ಪುಸ್ತಕ ಹರಿದು ಹೊಸದು ಹೊಲಿದಿದ್ದ, ತೋಟದಲ್ಲಿ ಹೊಸ ಎಕ್ಸ್‌ಪಿ ಕೂತ ಒಂದೆರಡು ಜಿಬಿ ಜಾಗ ಮಾತ್ರ ಹಾಳಾಗಿತ್ತು. ಉಳಿದದ್ದರ ಮೇಲೆ ಯಾರೂ ಏನೂ ಬರೆದಿರಲಿಲ್ಲ. ಯಾಕೆಂದರೆ ದೊಡ್ಡಪ್ಪ ಮತ್ತೆ ಆ ಮೆಷಿನ್ ಆನ್ ಮಾಡಲೇ ಇಲ್ಲ! ಬೇಜಾರಿಗೆ ಬಿಟ್ಟದ್ದೇ ಕಾಪಾಡಿತು. ಸಿಟ್ಟಿಗೆ ಬಿದ್ದು ಅದರ ಮೇಲೆ ಹಾಡು, ಸಿನಿಮಾ ತುಂಬಿಸಿದ್ದರೆ ಇವತ್ತು ಈ ಲೇಖನ ಇರುತ್ತಿರಲಿಲ್ಲ.

ಆದರೆ ಪಟ್ಟಿ ಹೋಗಿದೆಯಲ್ಲ, ಹುಡುಕೋದು ಹೇಗೆ? ಫ್ರಾನ್ಸಿನ ಕ್ರಿಸ್ಟೋಫ್ ಗ್ರೆನಿಯೆ ಬರೆದ ಫೋಟೋರೆಕ್ ಅನ್ನೋ ಉಚಿತ ತಂತ್ರಾಂಶ ಇದೆ. ಹೆಸರಲ್ಲಿ ಫೋಟೋ ಇದ್ದರೂ ಅದು ನೂರಾರು ಬಗೆಯ ಫೈಲು ಹುಡುಕುತ್ತೆ. ಪಟ್ಟಿಯ ಗೊಡವೆಗೇ ಹೋಗದೆ ತೋಟದಲ್ಲಿ ನಡೆದು ಮರ ನೋಡಿ ಗುರುತು ಹಿಡಿಯೋದು ಅದರ ಕೆಲಸ. ಪ್ರತಿ ಬಗೆಯ ಫೈಲಿಗೂ ಶುರುವಿನಲ್ಲಿ ಒಂದು ಗುರುತು ಇರುತ್ತೆ. ಹಳೇ ವರ್ಡ್ ಫೈಲಿನ ಮೊದಲ ನಾಲ್ಕು ಬೈಟು ಡಿ0, ಸಿಎಫ್, 11, ಇ0. ಸೊನ್ನೆಯನ್ನು ಓ ಅಂತ, ಒಂದನ್ನು ಎಲ್ ಅಥವಾ ಐ ಅಂತ ಇಂಗ್ಲಿಷಲ್ಲಿ ಓದಿಕೊಂಡರೆ ಡಾಕ್‌ಫೈಲ್ ಅನ್ನೋ ಪದದ ಹಾಗೇ ಕಾಣುತ್ತೆ. ಯಾರೋ ಇಂಜಿನಿಯರ್ ತಮಾಷೆ ಮಾಡಿದ್ದಾನೆ.

ಫೋಟೋರೆಕ್ ಸುಮಾರು ಇನ್ನೂರು ವರ್ಡ್ ಫೈಲು ತೆಗೆದುಕೊಟ್ಟಿತು. ಯಾವುದಕ್ಕೂ ಹೆಸರಿಲ್ಲ, ಬರೀ ನಂಬರು. ಹೆಚ್ಚಿನವು ಮದುವೆ ಕರೆಯೋಲೆ, ಪಂಚಾಯ್ತಿ ಅರ್ಜಿ, ಶಾಲೆಯ ಸರ್ಕ್ಯುಲರ್. ಊರಿನವರೆಲ್ಲ ಮೇಷ್ಟ್ರ ಹತ್ತಿರ ಟೈಪ್ ಮಾಡಿಸಿಕೊಳ್ಳುತ್ತಿದ್ದರು ಅಂತ ಕಾಣುತ್ತೆ.

ಫೈಲು ಬಂತು, ಕನ್ನಡ ಬರಲಿಲ್ಲ

ಒಂದು ಫೈಲು ತೆರೆದೆ. ಇಂಗ್ಲಿಷ್ ಅಕ್ಷರಗಳಿಗೆ ಟೋಪಿ ಹಾಕಿ, ಚುಕ್ಕಿ ಇಟ್ಟು, ನಡುನಡುವೆ ದುಡ್ಡಿನ ಚಿಹ್ನೆ ಚೆಲ್ಲಿದ ಹಾಗಿತ್ತು. ಹಳೇ ಸರ್ಕಾರಿ ವೆಬ್‌ಸೈಟ್ ನೋಡಿದವರಿಗೆ ಈ ದೃಶ್ಯ ಚೆನ್ನಾಗಿ ಗೊತ್ತು.

ಕಾರಣ ಇದು. ಒಂದು ಬೈಟಿನಲ್ಲಿ 256 ಸಂಖ್ಯೆ ಮಾತ್ರ ಹಿಡಿಸುತ್ತೆ, ಅದರಲ್ಲಿ ಅರ್ಧ ಇಂಗ್ಲಿಷಿಗೇ ಹೋಗಿದೆ. ಕನ್ನಡಕ್ಕೆ ಬೇರೆ ಜಾಗ ಇರಲಿಲ್ಲ. ಅದಕ್ಕೆ ನಮ್ಮವರು ಜಾಣತನದಿಂದ ಇಂಗ್ಲಿಷಿನ ಜಾಗಗಳಲ್ಲೇ ಕನ್ನಡ ಅಕ್ಷರದ ಚೂರುಗಳನ್ನು ಕೂರಿಸಿದರು. ಶ್ರೀಲಿಪಿ, ಆಕೃತಿ, ಪ್ರಕಾಶಕ್, ಒಂದೊಂದಕ್ಕೂ ಒಂದೊಂದು ಲೆಕ್ಕ. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ ಬರಹ ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ಬಂತು, ಸರ್ಕಾರಿ ಕಚೇರಿಗಳಿಗೆಲ್ಲ ಹೋಯಿತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಬಳಸಿ ದೊಡ್ಡಪ್ಪನಂಥ ಸಾವಿರಾರು ಮೇಷ್ಟ್ರುಗಳು, ಗುಮಾಸ್ತರು ಕನ್ನಡ ಟೈಪ್ ಮಾಡಿದರು. ಇವರ್ಯಾರನ್ನೂ ಕಡೆಗಣಿಸಿ ಮಾತಾಡೋ ಹಾಗಿಲ್ಲ. ಅವರು ಅವತ್ತು ಮಾಡದೇ ಇದ್ದಿದ್ದರೆ ಹುಡುಕೋಕೆ ಫೈಲೇ ಇರುತ್ತಿರಲಿಲ್ಲ.

ಆದರೆ ಕಂಪ್ಯೂಟರಿಗೆ ಅದು ಕನ್ನಡ ಅಂತ ಗೊತ್ತಿರಲಿಲ್ಲ. ನುಡಿಯ ಲೆಕ್ಕದಲ್ಲಿ 'ನ' ಅಂದರೆ ಬ್ರಿಟನ್ನಿನ ಪೌಂಡ್ ಚಿಹ್ನೆ, ಅದರ ಪಕ್ಕ ತಲೆ ಮೇಲೆ ಗೀಟಿರೋ ಇಂಗ್ಲಿಷ್ ಎ. 'ಪ' ಅಂದರೆ ಜಪಾನಿನ ಯೆನ್ ಚಿಹ್ನೆ, ಪಕ್ಕ ಅದೇ ಎ. ತಿಪಟೂರು ಅನ್ನೋ ಹೆಸರು ಎಂಟು ಬೈಟಿನ ಒಂದು ಸರ, ನಡುವೆ ಒಂದು ಯೆನ್! ನಮ್ಮ ಕೊಬ್ಬರಿ ಮಾರ್ಕೆಟ್ಟಿಗೆ ಸರಿಯಾಗೇ ಇದೆ ಅಂತ ನಕ್ಕೆ.

ಫಾಂಟ್ ಇದ್ದರೆ ಓದಬಹುದು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಕನ್ನಡದ ಹಳೇ ಫೈಲು ಎರಡು ಸಲ ಕಳೆದುಹೋಗುತ್ತೆ. ಒಂದು ಸಲ ಡಿಸ್ಕಿನಲ್ಲಿ, ಇನ್ನೊಂದು ಸಲ ಅಕ್ಷರದಲ್ಲಿ. ಡಿಲೀಟೇ ಆಗದೆ, ಡಿಸ್ಕಿನಲ್ಲಿ ಭದ್ರವಾಗಿ ಕೂತಿದ್ದೂ ಯಾರೂ ಓದಲಾಗದ ಕನ್ನಡ ಎಷ್ಟು ಕಚೇರಿ, ಎಷ್ಟು ಪ್ರೆಸ್ಸುಗಳಲ್ಲಿದೆಯೋ.

ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಸ್ವಂತ ಜಾಗ ಸಿಕ್ಕಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಅನ್ನೋ ಯೂನಿಕೋಡ್ ಫಾಂಟೂ ಇತ್ತು. ಅಂದರೆ ದೊಡ್ಡಪ್ಪನ ಮೆಷಿನ್ನಿನಲ್ಲೇ ಸೌಲಭ್ಯ ಇತ್ತು, ಹೇಳೋರು ಇರಲಿಲ್ಲ. ಇರಲಿ, ಈಗ ಪರಿವರ್ತಕಗಳಿವೆ. ಅರವಿಂದ ವಿ.ಕೆ. ಬರೆದು ಮುಕ್ತವಾಗಿ ಬಿಟ್ಟಿರೋ ಪರಿವರ್ತಕ ನನಗೆ ದಾರಿ ತೋರಿಸಿತು. ಇದು ಬರೀ ಈ ಸಂಖ್ಯೆಗೆ ಆ ಸಂಖ್ಯೆ ಅಂತ ಬದಲಾಯಿಸೋ ಕೆಲಸ ಅಲ್ಲ. ಹಳೇ ಫಾಂಟಿನಲ್ಲಿ ಅಕ್ಷರ ಕಣ್ಣಿಗೆ ಹೇಗೆ ಕಾಣುತ್ತೋ ಹಾಗೆ ಸಾಲಾಗಿರುತ್ತೆ. 'ಸೂರ್ಯ' ಬರೆಯುವಾಗ ಅರ್ಕಾವತ್ತು 'ಯ' ಆದಮೇಲೆ ಬರುತ್ತೆ. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮ, ಮೊದಲು 'ರ್' ಆಮೇಲೆ 'ಯ'. ಅರ್ಕಾವತ್ತನ್ನು ಹಿಡಿದು ಹಿಂದಕ್ಕೆ ತಂದು ಕೂರಿಸಬೇಕು.

ಮೊದಲ ಪುಟ ಸರಿಯಾಗಿ ಕನ್ನಡದಲ್ಲಿ ಮೂಡಿದಾಗ ರಾತ್ರಿ ಎರಡು ಗಂಟೆ. ದೊಡ್ಡಪ್ಪನ ಮಾತಿನ ಧಾಟಿಯೇ ಇತ್ತು ಅದರಲ್ಲಿ. ಕ್ಲಾಸಿನಲ್ಲಿ ಪಾಠ ಮಾಡೋ ಹಾಗೆ, ಪ್ರತಿ ಪ್ಯಾರಾದ ಕೊನೆಗೆ ಒಂದು ಪ್ರಶ್ನೆ. ಹದಿನೇಳು ವರ್ಷ ಚಿಕ್ಕವನಾದ ಹಾಗೆ ಆಯ್ತು ನನಗೆ.

ಸಿಕ್ಕದ್ದು, ಸಿಗದ್ದು

ಪರಿವಿಡಿಯ ಫೈಲು ಸಿಕ್ಕಿತು. ಹದಿನಾಲ್ಕು ಅಧ್ಯಾಯ. ಅದರಲ್ಲಿ ಹನ್ನೊಂದು ಪೂರ್ತಿ ಬಂದವು. ಮೂರು ಇಲ್ಲ. ಅದರಲ್ಲೊಂದು ಪ್ಲೇಗಿನ ಅಧ್ಯಾಯ. 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗು ಆಮೇಲೆ ಮೈಸೂರು ಸೀಮೆಯ ಹಳ್ಳಿಹಳ್ಳಿಗೂ ಹೋಗಿತ್ತಲ್ಲ, ಆಗ ನಮ್ಮೂರು ಏನಾಯ್ತು ಅಂತ ದೊಡ್ಡಪ್ಪ ತಮ್ಮ ಅಜ್ಜಿಯ ಬಾಯಿಂದ ಕೇಳಿದ್ದನ್ನು ಬರೆದಿದ್ದರು. ಇನ್ನು ಅದನ್ನು ಹೇಳೋರು ಯಾರೂ ಇಲ್ಲ.

ಬಿಡೋಕೆ ಮನಸ್ಸಾಗಲಿಲ್ಲ. 'ಪ್ಲೇಗು' ಅನ್ನೋದನ್ನು ನುಡಿಯ ಬೈಟುಗಳಿಗೆ ತಿರುಗಿಸಿ, ಇಡೀ 40 ಜಿಬಿ ನಕಲಿನಲ್ಲಿ ಆ ಸರ ಎಲ್ಲಿದೆ ಅಂತ ಹುಡುಕಿಸಿದೆ. ಒಂದೇ ಒಂದು ಕಡೆ ಸಿಕ್ಕಿತು, ಎಕ್ಸ್‌ಪಿಯ ಯಾವುದೋ ಫೈಲಿನ ಬಾಲದಲ್ಲಿ. ಡಿಸ್ಕಿನಲ್ಲಿ ಜಾಗ ಕೊಡೋದು 4096 ಬೈಟಿನ ಪಾತಿ ಲೆಕ್ಕದಲ್ಲಿ. ಹೊಸ ಫೈಲು ಪಾತಿಯ ಮುಕ್ಕಾಲು ಭಾಗ ತುಂಬಿ ನಿಂತರೆ ಉಳಿದ ಕಾಲು ಭಾಗದಲ್ಲಿ ಹಳೇದು ಹಾಗೇ ಇರುತ್ತೆ. ಅಲ್ಲಿ ಹತ್ತು ಹನ್ನೆರಡು ಸಾಲು ಇತ್ತು. ಊರು ಖಾಲಿ ಮಾಡಿ ತೋಟಗಳಲ್ಲಿ ಗರಿಯ ಗುಡಿಸಲು ಹಾಕಿಕೊಂಡದ್ದು, ದೇವರಿಗೆ ದೀಪ ಹಚ್ಚೋಕೆ ಒಬ್ಬನೇ ಊರೊಳಗೆ ಹೋಗಿ ಬರುತ್ತಿದ್ದದ್ದು. ಅವನ ಹೆಸರು ಬರೋ ವಾಕ್ಯ ನಡುವಿಗೇ ನಿಂತಿದೆ. ಅದರ ಮುಂದಿನದರ ಮೇಲೆ ಬೇರೇನೋ ಬರೆದಾಗಿದೆ.

ಒಂದು ಸಲ ಮೇಲೆ ಬರೆದರೆ ಮುಗೀತು. 1996ರಲ್ಲಿ ಪೀಟರ್ ಗಟ್‌ಮನ್ ಅನ್ನೋರು ಮೇಲೆ ಬರೆದಿದ್ದರೂ ಹಳೇದರ ಕುರುಹು ಹುಡುಕಬಹುದೇನೋ ಅಂತ ಒಂದು ಪ್ರಬಂಧ ಬರೆದು, 35 ಸಲ ಬರೆದು ಅಳಿಸೋ ವಿಧಾನ ಹೇಳಿದ್ದರು. ಅದು ಆಗಿನ ಹಳೇ ಡಿಸ್ಕುಗಳ ಲೆಕ್ಕ. ಆಮೇಲಿನ ಡಿಸ್ಕುಗಳಿಗೆ ಒಂದು ಸಲ ಸಾಕು.

ಅವರೇ ಅಳಿಸಿದ್ದು

ಈಗ ಹೇಳೋದನ್ನು ಬರೆಯಬೇಕೋ ಬೇಡವೋ ಅಂತ ಒಂದು ವಾರ ಯೋಚಿಸಿದೆ.

ಫೈಲುಗಳಿಂದ ಕನ್ನಡ ತೆಗೆಯೋಕೆ ನಾನೇ ಒಂದು ಚಿಕ್ಕ ಪೈಥಾನ್ ಪ್ರೋಗ್ರಾಮ್ ಬರೆದಿದ್ದೆ. ಅದು ಫೈಲಿನೊಳಗೆ ಇರೋ ಅಕ್ಷರವನ್ನೆಲ್ಲ ಬಾಚಿಕೊಂಡು ಬರುತ್ತಿತ್ತು. ವರ್ಡ್ 97ರಲ್ಲಿ ಫಾಸ್ಟ್ ಸೇವ್ ಅಂತ ಒಂದು ಏರ್ಪಾಡಿತ್ತು. ಆಗಿನ ಮೆಷಿನ್ನು ನಿಧಾನ ಅಂತ, ಸೇವ್ ಮಾಡುವಾಗ ಇಡೀ ಫೈಲು ಮತ್ತೆ ಬರೆಯದೆ, ತಿದ್ದಿದ್ದನ್ನು ಮಾತ್ರ ಕೊನೆಗೆ ಸೇರಿಸಿ "ಹಳೇ ಸಾಲು ತೋರಿಸಬೇಡ" ಅಂತ ಒಂದು ಸೂಚನೆ ಬರೆದಿಡುತ್ತಿತ್ತು. ಅಂದರೆ ನೀವು ಅಳಿಸಿದ ಸಾಲು ಫೈಲಿನ ಒಳಗೇ ಇರುತ್ತಿತ್ತು. ಡಿಸ್ಕಿನ ಕಥೆಯೇ ಇನ್ನೊಂದು ಸಲ, ಚಿಕ್ಕದಾಗಿ. ನನ್ನ ಪ್ರೋಗ್ರಾಮಿಗೆ ಆ ಸೂಚನೆ ಓದೋಕೆ ನಾನು ಕಲಿಸಿರಲಿಲ್ಲ.

ನಮ್ಮ ಮನೆತನದ ಅಧ್ಯಾಯದಲ್ಲಿ ದೊಡ್ಡಪ್ಪ ಕೊನೆಗೆ ಉಳಿಸಿದ್ದು ಒಂದೇ ವಾಕ್ಯ, ಇಂಥ ವರ್ಷ ತೋಟ ಭಾಗವಾಯಿತು ಅಂತ. ಆದರೆ ನನ್ನ ಪರದೆಯ ಮೇಲೆ ಅದರ ಕೆಳಗೆ ಇನ್ನೂ ಒಂದು ಪುಟ ಇತ್ತು. ನಮ್ಮಪ್ಪನ ಬಗ್ಗೆ. ನಾಲ್ಕು ಸಾಲು ಓದಿದ ಮೇಲೆ ಇದೇನು ಅಂತ ಗೊತ್ತಾಯಿತು. ಪಾಲಿನ ವಿಷಯ, ಅಷ್ಟು ಹೇಳಿದರೆ ಸಾಕು. ಅಣ್ಣ ತಮ್ಮ ನನ್ನ ಕಣ್ಣೆದುರು ಯಾವತ್ತೂ ಒರಟಾಗಿ ಮಾತಾಡಿದ್ದಿಲ್ಲ.

ಲ್ಯಾಪ್‌ಟಾಪ್ ಮುಚ್ಚಿದೆ. ಇತಿಹಾಸ ಬರೆಯೋನಿಗೆ ಅದು ಆಕರ. ತಮ್ಮನ ಮಗನಿಗೆ? ಉಪಕರಣಕ್ಕೇನು, ಅದಕ್ಕೆ ಅಂಗಡಿಯ ಹುಡುಗ ಅಳಿಸಿದ್ದೂ ಒಂದೇ, ದೊಡ್ಡಪ್ಪ ತಾವೇ ಯೋಚನೆ ಮಾಡಿ ಅಳಿಸಿದ್ದೂ ಒಂದೇ. ಎರಡನ್ನೂ ಅದೇ ಉತ್ಸಾಹದಿಂದ ಎತ್ತಿಕೊಡುತ್ತೆ.

ಇದೇ ವಿಷಯದ ಇನ್ನೊಂದು ಮುಖ ಅಮೆರಿಕದಲ್ಲಿ ಬಯಲಾಗಿತ್ತು. ಸಿಮ್ಸನ್ ಗಾರ್ಫಿಂಕಲ್ ಮತ್ತು ಅಭಿ ಶೆಲಟ್ ಅನ್ನೋ ಇಬ್ಬರು ಸೆಕೆಂಡ್ ಹ್ಯಾಂಡ್ ಹಾರ್ಡ್ ಡಿಸ್ಕುಗಳನ್ನು ಕೊಂಡು ನೋಡಿ 2003ರಲ್ಲಿ ವರದಿ ಬರೆದರು. ಒಟ್ಟು 158 ಡಿಸ್ಕು, ಅದರಲ್ಲಿ ಕೆಲಸ ಮಾಡುತ್ತಿದ್ದದ್ದು 129. ಸರಿಯಾಗಿ ಅಳಿಸಿದ್ದದ್ದು 12 ಮಾತ್ರ. ಉಳಿದವುಗಳಲ್ಲಿ ಜನರ ಪತ್ರಗಳು, ವೈದ್ಯಕೀಯ ವಿವರ, 5000ಕ್ಕೂ ಹೆಚ್ಚು ಕ್ರೆಡಿಟ್ ಕಾರ್ಡ್ ನಂಬರು! ಅಳಿಸಿದ್ದು ಉಳಿಯುತ್ತೆ ಅನ್ನೋದು ಒಬ್ಬರಿಗೆ ವರ, ಇನ್ನೊಬ್ಬರಿಗೆ ಅಪಾಯ.

ಮುಂದಿನ ವಾರ ಊರಿಗೆ ಹೋಗಿ ದೊಡ್ಡಮ್ಮನಿಗೆ ಹೇಳಿದೆ, ಏನು ಅಂತ ಹೇಳಲಿಲ್ಲ, ಅವರು ಅಳಿಸಿದ ಒಂದು ಪುಟ ಸಿಕ್ಕಿದೆ ಅಂತ ಮಾತ್ರ. ಕಾಯಿ ಸಿಪ್ಪೆ ಗುಡಿಸ್ತಾ ಇದ್ದವರು ತಲೆ ಎತ್ತದೆ ಅಂದರು: "ಅವ್ರೇ ಅಳ್ಸವ್ರೆ ಅಂದ್ಮೇಲೆ ನೀನ್ಯಾಕಪ್ಪ ಓದಕ್ ಹೋದೆ?"

ಉತ್ತರ ಇರಲಿಲ್ಲ ನನ್ನ ಹತ್ತಿರ. ಆ ರಾತ್ರಿ ಪ್ರೋಗ್ರಾಮ್ ತಿದ್ದಿದೆ. ವರ್ಡ್ ಬರೆದಿಟ್ಟ ಸೂಚನೆಯನ್ನು ಓದಿ, ದೊಡ್ಡಪ್ಪ ಕೊನೆಗೆ ಉಳಿಸಿದ್ದನ್ನು ಮಾತ್ರ ತೆಗೆಯೋ ಹಾಗೆ. ಮೊದಲು ತೆಗೆದಿದ್ದ ಫೈಲುಗಳ ಮೇಲೆ ಸೊನ್ನೆ ಬರೆದು ಆಮೇಲೆ ಡಿಲೀಟ್ ಮಾಡಿದೆ. ಹನ್ನೊಂದು ಅಧ್ಯಾಯ, ಅರ್ಧ ಕೆರೆ, ಪ್ಲೇಗಿನ ಹನ್ನೆರಡು ಸಾಲು. ಎಲ್ಲಾ ಸೇರಿಸಿ ಯೂನಿಕೋಡ್‌ನಲ್ಲಿ ಒಂದು ಫೈಲು ಮಾಡಿ, ಪ್ರಿಂಟ್ ಹಾಕಿಸಿ ನಾಲ್ಕು ಮನೆಗೆ, ಶಾಲೆಗೆ ಕೊಟ್ಟೆವು. ಅಪ್ಪ ಒಂದೇ ರಾತ್ರಿಗೆ ಓದಿ ಮುಗಿಸಿದರು. ಪಾಲಿನ ವಾಕ್ಯ ಇರೋ ಪುಟದಲ್ಲಿ ಸ್ವಲ್ಪ ಹೊತ್ತು ನಿಂತಿದ್ದರು ಅಂತ ನನಗನ್ನಿಸಿತು. "ಅಣ್ಣ ಚೆನ್ನಾಗಿ ಬರ್ದವ್ನೆ" ಅಂದರು, ಅಷ್ಟೆ.

ಹಳೇ ಡಿಸ್ಕು ಮತ್ತೆ ಅಟ್ಟಕ್ಕೇ ಹೋಗಿದೆ. ಅದರಲ್ಲಿ ಆ ಪುಟ ಈಗಲೂ ಇದೆ. ಅದನ್ನು ಏನು ಮಾಡಬೇಕು ಅಂತ ನಾನಿನ್ನೂ ತೀರ್ಮಾನ ಮಾಡಿಲ್ಲ.

ಕೊನೆಗೆ ನಾಲ್ಕು ಉಪಯೋಗದ ಮಾತು

ಒಂದು: ಫೈಲು ಹೋಯ್ತು ಅಂತ ಗೊತ್ತಾದ ಕ್ಷಣ ಕೈ ನಿಲ್ಲಿಸಿ. ಅದೇ ಡಿಸ್ಕಿನಲ್ಲಿ ಏನನ್ನೂ ಇಡಬೇಡಿ, ರಿಕವರಿ ಸಾಫ್ಟ್‌ವೇರನ್ನೂ ಇನ್‌ಸ್ಟಾಲ್ ಮಾಡಬೇಡಿ. ಕ್ಯಾಮೆರಾ ಕಾರ್ಡಿಗೂ ಇದೇ ಮಾತು.

ಎರಡು: ಈ ಕಥೆ ತಿರುಗೋ ಡಿಸ್ಕಿನದು. ಈಗಿನ ಲ್ಯಾಪ್‌ಟಾಪುಗಳಲ್ಲಿರೋದು ಎಸ್‌ಎಸ್‌ಡಿ. ಅದರಲ್ಲಿ ಟ್ರಿಮ್ ಅಂತ ಒಂದು ವ್ಯವಸ್ಥೆ ಇದೆ, ವಿಂಡೋಸ್‌ಗೆ 2009ರಲ್ಲಿ ವಿಂಡೋಸ್ 7 ಜೊತೆ ಬಂತು. ನೀವು ಡಿಲೀಟ್ ಮಾಡಿದ ಕೂಡಲೇ "ಈ ಜಾಗ ಬೇಡ" ಅಂತ ಡಿಸ್ಕಿಗೆ ಸುದ್ದಿ ಹೋಗಿ, ಅದು ತಾನಾಗೇ ಒಳಗೊಳಗೆ ಗುಡಿಸಿಬಿಡುತ್ತೆ. ಅಲ್ಲಿ ಪಹಣಿ ಜೊತೆಗೇ ತೋಟವೂ ಹೋಗುತ್ತೆ.

ಮೂರು: ಹಾಗಾಗಿ ಇನ್ನೊಂದು ಪ್ರತಿ ಇಡೋದೇ ಗತಿ. 1998ರಲ್ಲಿ ಪಿಕ್ಸಾರ್‌ನವರ ಟಾಯ್ ಸ್ಟೋರಿ 2 ಚಿತ್ರದ ಫೈಲುಗಳು ಒಂದು ತಪ್ಪು ಕಮಾಂಡಿನಿಂದ ಅಳಿಸಿಹೋಗಿ, ಬ್ಯಾಕಪ್ಪೂ ಕೈಕೊಟ್ಟಾಗ, ಅವರನ್ನು ಉಳಿಸಿದ್ದು ಹೆರಿಗೆಯಾಗಿ ಮನೆಯಿಂದ ಕೆಲಸ ಮಾಡುತ್ತಿದ್ದ ಗೇಲಿನ್ ಸುಸ್ಮನ್ ಅವರ ಮನೆಯ ಕಂಪ್ಯೂಟರಿನಲ್ಲಿದ್ದ ಪ್ರತಿ. ಅಂಥ ದೊಡ್ಡ ಕಂಪನಿಯ ಕಥೆಯೇ ಹೀಗೆ.

ನಾಲ್ಕು: ನಿಮ್ಮ ಮನೆಯಲ್ಲಿ ನುಡಿ, ಬರಹ, ಶ್ರೀಲಿಪಿಯಲ್ಲಿ ಟೈಪ್ ಮಾಡಿದ ಹಳೇ ಫೈಲುಗಳಿದ್ದರೆ, ಟೈಪ್ ಮಾಡಿದವರು ಇರುವಾಗಲೇ ಯೂನಿಕೋಡ್‌ಗೆ ತಂದುಬಿಡಿ. ತಪ್ಪಾದ ಒತ್ತಕ್ಷರ ತಿದ್ದೋಕೆ ಅವರೇ ಬೇಕು. ಏನು ಇಡಬೇಕು, ಏನು ಬೇಡ ಅಂತ ಹೇಳೋಕೂ.

ನಿಮ್ಮ ಅಟ್ಟದಲ್ಲೂ ಇಂಥದ್ದೊಂದು ಡಿಸ್ಕು ಇದ್ದರೆ ಆನ್ ಮಾಡೋ ಮುಂಚೆ ನನಗೊಂದು ಸಾಲು ಬರೆಯಿರಿ. ಅಡಾಪ್ಟರ್ ನನ್ನ ಹತ್ತಿರ ಇದೆ :-)